ಸುಸ್ತು ಯಾರಿಗಿಲ್ಲ ಹೇಳಿ?

ಡೊಂಬಿವಲಿಯಲ್ಲಿ ಮನೆ ಮಾಡಿ ಮೂವತ್ತು ವರ್ಷ ಆಗುತ್ತಾ ಬಂತು. ಈ ಊರಲ್ಲಿ ಯಾರಾದರೂ "ತುಂಬಾ ಸುಸ್ತು" ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಕಾಲೂರಲು ಜಾಗವಿಲ್ಲದೆ ಹೋಗಿ, ರಾತ್ರಿ ಹಾಗೆಯೇ ವಾಪಸ್ ಬಂದು, ಮರುದಿನ ಮತ್ತೆ ಅದೇ ಲೋಕಲ್ಲು ಹಿಡಿಯುವವರ ಊರಿದು. ಕಲ್ಯಾಣ, ಥಾಣೆ, ನವಿಮುಂಬಯಿ ಎಲ್ಲ ಕಡೆಯೂ ಅದೇ ಕತೆ. ಮರಾಠಿಯವರು ‘ಥಕವಾ’ ಅನ್ನುತ್ತಾರೆ, ಹಿಂದಿಯವರು ‘ಕಮ್ಜೋರಿ’ ಅನ್ನುತ್ತಾರೆ. ನಮ್ಮ ಕುಂದಾಪುರದ ಕಡೆ ‘ಬಚ್ಚಿತು’, ಧಾರವಾಡದವರಿಗೆ ‘ದಣಿವು’, ಮೈಸೂರಿನವರಿಗೆ ‘ಸುಸ್ತು’. ಹೆಸರು ಹಲವು, ಸಿಗುವ ಉತ್ತರ ಮಾತ್ರ ಒಂದೇ: "ಸುಸ್ತು ಯಾರಿಗಿಲ್ಲ ಹೇಳಿ? ಒಂದು ಕಟಿಂಗ್ ಚಾ ಕುಡಿಯಿರಿ, ಸರಿ ಹೋಗುತ್ತೆ."

ಈ ಉತ್ತರವನ್ನು ನಾನೂ ಒಮ್ಮೆ ಒಬ್ಬರಿಗೆ ಕೊಟ್ಟಿದ್ದೆ. ಅದು ತಪ್ಪು ಅಂತ ತಿಳಿಯಲು ಹತ್ತು ವರ್ಷ ಬೇಕಾಯಿತು. ವೈದ್ಯಲೋಕಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಯಿತು ಅನ್ನುವುದರಲ್ಲಿ ನನಗೇನೂ ಸಮಾಧಾನವಿಲ್ಲ. ಆ ಕತೆಯನ್ನೇ ಇವತ್ತು ಬರೆಯಲು ಕೂತಿದ್ದೇನೆ. ನಾನು ಡಾಕ್ಟರಲ್ಲ, ಬರೀ ಬಿ.ಕಾಂ. ಹಾಗಾಗಿ ಮದ್ದು ಹೇಳುವುದಿಲ್ಲ. ‘ಇಷ್ಟು ಲಕ್ಷಣ ಇದ್ದರೆ ಈ ಕಾಯಿಲೆ, ಇಲ್ಲದಿದ್ದರೆ ಅಲ್ಲ’ ಅನ್ನುವ ನಿಯಮಗಳು ಹೇಗೆ ಹುಟ್ಟಿದವು, ಹೇಗೆ ಬದಲಾದವು ಅನ್ನುವುದಷ್ಟೇ ನನ್ನ ವಿಷಯ. ನಿಯಮ ಬದಲಾದರೆ ಲೆಕ್ಕ ಹೇಗೆ ಬದಲಾಗುತ್ತದೆ ಅನ್ನುವುದು ಬ್ಯಾಂಕಿನವರಿಗೆ ಸ್ವಲ್ಪ ಗೊತ್ತಿರುತ್ತದೆ ನೋಡಿ.

* * *

2012ರಲ್ಲಿ ನಾನು ನವಿಮುಂಬಯಿಯ ಒಂದು ಬ್ರಾಂಚಿನಲ್ಲಿ ಮ್ಯಾನೇಜರ್ ಆಗಿದ್ದೆ. ಅಲ್ಲಿ ಧಾರವಾಡದ ಕಡೆಯ ಒಬ್ಬ ಮಹಿಳೆ ಕೌಂಟರಿನಲ್ಲಿದ್ದರು. ಮನೆ ಕಲ್ಯಾಣದಲ್ಲಿ. ಥಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಟ್ರಾನ್ಸ್ ಹಾರ್ಬರ್ ಲೈನ್ ಹಿಡಿದು ಬರುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೀರಿದ ಸರ್ವೀಸು, ಒಳ್ಳೆಯ ಕೆಲಸಗಾರ್ತಿ. ಒಂದು ಮಳೆಗಾಲದಲ್ಲಿ ಜೋರು ಜ್ವರ ಬಂದು ಮೂರು ವಾರ ಮಲಗಿದ್ದರು. ಆಮೇಲೆ ಅವರು ಮೊದಲಿನ ಹಾಗೆ ಆಗಲೇ ಇಲ್ಲ.

ಅವರ ಹಾಜರಿಯೇ ವಿಚಿತ್ರವಾಗಿತ್ತು. ಸೋಮವಾರ ಬಂದು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದರು, ಮಂಗಳವಾರ ಬುಧವಾರ ಗೈರು. ಪೆನ್ಷನ್ ಹಂಚುವ ರಶ್ಶಿನ ದಿನ ಪೂರ್ತಿ ಕೂರುತ್ತಿದ್ದರು, ಮತ್ತೆ ಮೂರು ದಿನ ಇಲ್ಲ. ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ಮೆಡಿಕಲ್ ಸರ್ಟಿಫಿಕೇಟಿನಲ್ಲಿ ಪ್ರತಿಸಲವೂ ‘ಜನರಲ್ ವೀಕ್ನೆಸ್’. ಒಂದು ದಿನ ಕ್ಯಾಬಿನ್ನಿಗೆ ಕರೆದು, "ಮೇಡಂ, ಸುಸ್ತು ಯಾರಿಗಿಲ್ಲ ಹೇಳಿ? ಬೆಳಿಗ್ಗೆ ಎದ್ದು ಸ್ವಲ್ಪ ವಾಕಿಂಗ್ ಮಾಡಿ, ಎಲ್ಲ ಸರಿ ಹೋಗುತ್ತೆ" ಅಂದೆ.

ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಸುಸ್ತಲ್ರೀ ಸರ್ ಇದು, ಬ್ಯಾರೇನೇ ಅದ. ನಿನ್ನೆ ಮಾಡಿದ ಕೆಲಸದ ಬಡ್ಡಿ ಇವತ್ತು ಕಟ್ಟಲಿಕ್ಕೆ ಹತ್ತೀನಿ. ಅದೂ ಚಕ್ರಬಡ್ಡಿ."

ಬ್ಯಾಂಕಿನವರಿಗೆ ತಕ್ಕ ಜೋಕು ಅಂದುಕೊಂಡು ನಕ್ಕುಬಿಟ್ಟೆ. ನನ್ನ ಮಾತು ಕೇಳಿ ಅವರು ಒಂದು ವಾರ ವಾಕಿಂಗ್ ಹೋದರಂತೆ. ಅದರ ನಂತರ ಹನ್ನೆರಡು ದಿನ ಬರಲಿಲ್ಲ. ನಾನು ಮೇಲಿನ ಆಫೀಸಿಗೆ ‘ಪದೇ ಪದೇ ಗೈರುಹಾಜರಾಗುವ ಅಭ್ಯಾಸ’ ಅಂತ ಪತ್ರ ಬರೆದೆ. 2014ರಲ್ಲಿ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಸಣ್ಣದೊಂದು ಸೆಂಡಾಫ್ ಮಾಡಿದೆವು. ಅವರು ನಿಲ್ಲಲಾಗದೆ ಕೂತುಕೊಂಡೇ ಹಾರ ಹಾಕಿಸಿಕೊಂಡರು.

2021ರ ಏಪ್ರಿಲಿನಲ್ಲಿ ನನಗೆ ಕೋವಿಡ್ ಬಂತು. ಆಸ್ಪತ್ರೆ ಸೇರುವಷ್ಟೇನೂ ಅಲ್ಲ. ಆದರೆ ಆಮೇಲಿನ ಮೂರು ತಿಂಗಳು ಮಾತ್ರ ಬೇರೆಯೇ ಆಗಿತ್ತು. ಒಂದು ದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದೆ, ಆಗ ಏನೂ ಆಗಲಿಲ್ಲ. ಮರುದಿನ ಹಲ್ಲುಜ್ಜಲೂ ಕೈ ಏಳಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಯೋಚಿಸುವಾಗ ಥಟ್ಟನೆ ಆ ಮಾತು ನೆನಪಾಯಿತು. ನಿನ್ನೆಯ ಕೆಲಸದ ಬಡ್ಡಿ! ನನ್ನ ಬಡ್ಡಿ ಮೂರು ತಿಂಗಳಲ್ಲಿ ತೀರಿತು. ಅವರದು ತೀರಲೇ ಇಲ್ಲ. ಅವತ್ತಿನಿಂದ ಇದರ ಬಗ್ಗೆ ಓದಲು ಶುರು ಮಾಡಿದೆ.

* * *

ಕತೆ ಶುರುವಾಗುವುದು ನ್ಯೂಯಾರ್ಕಿನಲ್ಲಿ. 1869ರಲ್ಲಿ ಜಾರ್ಜ್ ಬಿಯರ್ಡ್ ಎಂಬ ಡಾಕ್ಟರು ‘ನ್ಯೂರಸ್ತೇನಿಯಾ’ ಅನ್ನುವ ಹೆಸರನ್ನು ಪ್ರಚಾರಕ್ಕೆ ತಂದರು. ನರದೌರ್ಬಲ್ಯ ಅನ್ನಬಹುದು. (ನಮ್ಮ ಊರುಗಳ ಗೋಡೆಗಳ ಮೇಲೆ ‘ನರದೌರ್ಬಲ್ಯಕ್ಕೆ ಸಂಪರ್ಕಿಸಿ’ ಅಂತ ಬರೆದಿರುವುದನ್ನು ನೀವೂ ನೋಡಿರುತ್ತೀರಿ, ಅದರ ಮುತ್ತಜ್ಜ ಇದು!) ರೈಲು, ತಂತಿ, ಪತ್ರಿಕೆಗಳ ಗಡಿಬಿಡಿಯಲ್ಲಿ ಮನುಷ್ಯನ ನರಗಳ ಶಕ್ತಿ ಖರ್ಚಾಗಿ ಹೋಗುತ್ತದೆ ಅನ್ನುವುದು ಬಿಯರ್ಡ್ ವಾದ. ನರಶಕ್ತಿಯನ್ನು ಬ್ಯಾಂಕ್ ಖಾತೆಯ ಹಾಗೆ ಕಂಡರು ಅನ್ನಿ. ಆದರೆ ತಲೆನೋವು, ಅಜೀರ್ಣ, ನಿದ್ರೆ ಬಾರದಿರುವುದು, ಹೆದರಿಕೆ ಎಲ್ಲವೂ ಅದರೊಳಗೆ ಬಂದುಬಿಟ್ಟವು. ಯಾರು ಬೇಕಾದರೂ ಬರಬಹುದಾದ ಕಾಯಿಲೆಗೆ ಗಡಿ ಎಲ್ಲಿ? ಕಾಲಕ್ರಮದಲ್ಲಿ ಆ ಹೆಸರು ಮನೋರೋಗದ ಪುಸ್ತಕಕ್ಕೆ ಸೇರಿತು. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಪಟ್ಟಿಯಿಂದ ಅದನ್ನು ತೆಗೆದೇ ಹಾಕಿದರು.

ಇನ್ನೊಂದು ದಾರಿ ಸೋಂಕಿನ ಕಡೆಯಿಂದ ಬಂತು. 1934ರಲ್ಲಿ ಲಾಸ್ ಏಂಜಲೀಸಿನ ಕೌಂಟಿ ಆಸ್ಪತ್ರೆಯಲ್ಲಿ ಪೋಲಿಯೋ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯಲ್ಲಿ 198 ಜನ ಕಾಯಿಲೆ ಬಿದ್ದರು. ಪೋಲಿಯೋ ಹಾಗೇ ಇತ್ತು, ಆದರೆ ಪೋಲಿಯೋ ಅಲ್ಲ. 1948-49ರಲ್ಲಿ ಐಸ್‌ಲ್ಯಾಂಡಿನ ಅಕುರೇರಿ ಎಂಬ ಊರಿನಲ್ಲಿ ನೂರಾರು ಜನಕ್ಕೆ ಹೀಗೇ ಆಯಿತು. 1955ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸರದಿ. 292 ಸಿಬ್ಬಂದಿ ಮಲಗಿದರು. ಆಸ್ಪತ್ರೆಯನ್ನೇ ಅಕ್ಟೋಬರ್ ತನಕ ಮುಚ್ಚಬೇಕಾಯಿತು. ಮರುವರ್ಷ ‘ಲಾನ್ಸೆಟ್’ ಪತ್ರಿಕೆಯ ಸಂಪಾದಕೀಯ ಇದಕ್ಕೊಂದು ಹೆಸರು ಕೊಟ್ಟಿತು: ‘ಬಿನೈನ್ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್’. ಬಾಯಿ ತಿರುಗುವುದಿಲ್ಲ, ಎಂಇ ಅಂತ ಕರೆಯೋಣ. ಸ್ನಾಯುನೋವಿನ ಜೊತೆ ಮೆದುಳು-ಬೆನ್ನುಹುರಿಯ ಉರಿಯೂತ ಅಂತ ಅರ್ಥ. ‘ಬಿನೈನ್’ ಅಂದರೆ ಸಾಯುವುದಿಲ್ಲ ಅಂತ. ಸಾಯುವುದಿಲ್ಲ ನಿಜ, ಆದರೆ ಎಷ್ಟೋ ಜನ ಮೊದಲಿನ ಹಾಗೆ ಬದುಕಲೂ ಇಲ್ಲ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಯಲ್ಲಿ ಇದನ್ನು ನರಮಂಡಲದ ಕಾಯಿಲೆಗಳ ಜೊತೆ ಸೇರಿಸಿತು.

ಆದರೆ ಮರುವರ್ಷವೇ ಏಟು ಬಿತ್ತು. ಮೆಕ್‌ಎವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು (ಈ ಬಿಯರ್ಡ್ ಬೇರೆ) 1970ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದು, ರಾಯಲ್ ಫ್ರೀಯಲ್ಲಿ ನಡೆದದ್ದು ಸಾಮೂಹಿಕ ಹಿಸ್ಟೀರಿಯಾ ಅಂದರು. ಕಾರಣಗಳಲ್ಲಿ ಒಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಅನ್ನುವುದು. ಅವರು ಒಬ್ಬ ರೋಗಿಯನ್ನೂ ಮಾತಾಡಿಸಿರಲಿಲ್ಲ. ಹಳೇ ಕೇಸ್ ಪೇಪರುಗಳನ್ನಷ್ಟೇ ಓದಿದ್ದರು.

ಇದನ್ನು ಓದಿದಾಗ ನನಗೆ ಕೋಪ ಬಂತು. ಮರುಕ್ಷಣವೇ ನೆನಪಾಯಿತು, ನಾನೂ ರಿಜಿಸ್ಟರ್ ನೋಡಿಯೇ ಪತ್ರ ಬರೆದವನಲ್ಲವೇ...

ಆದರೆ ರಾಯಲ್ ಫ್ರೀಯಲ್ಲೇ ಇದ್ದ ಮೆಲ್ವಿನ್ ರಾಮ್ಸೆ ಎಂಬ ಸೋಂಕುರೋಗ ತಜ್ಞರು ಮಾತ್ರ ಈ ರೋಗಿಗಳನ್ನು ಕೈಬಿಡಲಿಲ್ಲ. ಮೂವತ್ತು ವರ್ಷ ನೋಡಿ 1986ರಲ್ಲಿ ಒಂದು ಪುಸ್ತಕ ಬರೆದರು. ಅವರು ಹೇಳಿದ ಮುಖ್ಯ ಲಕ್ಷಣ ಬರೀ ಸುಸ್ತಲ್ಲ. ಸ್ವಲ್ಪ ಶ್ರಮಪಟ್ಟರೂ ಸ್ನಾಯುಗಳ ಶಕ್ತಿ ವಾಪಸ್ ಬರಲು ಮೂರು, ನಾಲ್ಕು, ಐದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ ಅನ್ನುವುದು. ಅಂದರೆ ಬಡ್ಡಿಯ ಮಾತು 1986ರಲ್ಲೇ ಅಚ್ಚಾಗಿತ್ತು!

* * *

ಹಾಗಿದ್ದರೆ ಅದು ಎಲ್ಲಿ ಕಳೆದುಹೋಯಿತು? ಇಲ್ಲಿಂದ ಕತೆ ಮತ್ತೆ ಅಮೆರಿಕಕ್ಕೆ ಹೋಗುತ್ತದೆ.

1984-85ರಲ್ಲಿ ನೆವಾಡಾದ ಟಾಹೋ ಸರೋವರದ ದಂಡೆಯ ಇನ್‌ಕ್ಲೈನ್ ವಿಲೇಜ್ ಎಂಬ ಊರಿನಲ್ಲಿ ಡೇನಿಯಲ್ ಪೀಟರ್ಸನ್ ಮತ್ತು ಪಾಲ್ ಚೆನಿ ಎಂಬ ಇಬ್ಬರು ಡಾಕ್ಟರುಗಳ ಬಳಿಗೆ, ಫ್ಲೂ ಬಂದು ಹೋದ ಮೇಲೂ ಏಳಲಾಗದವರು ಸಾಲಾಗಿ ಬರತೊಡಗಿದರು. ರೋಗ ನಿಯಂತ್ರಣ ಕೇಂದ್ರದವರು (ಸಿಡಿಸಿ) ಬಂದು ನೋಡಿದರು. ಒಂದು ವೈರಸ್ಸಿನ ಮೇಲೆ ಅನುಮಾನ ಬಂತು, ಸಾಬೀತಾಗಲಿಲ್ಲ. ಪತ್ರಿಕೆಗಳವರು ‘ಯಪ್ಪಿ ಫ್ಲೂ’ ಅಂತ ಗೇಲಿ ಮಾಡಿದರು. ಕೈತುಂಬಾ ಸಂಬಳದವರ ಸೋಮಾರಿತನ ಅನ್ನುವ ಅರ್ಥದಲ್ಲಿ.

1988ರಲ್ಲಿ ಸಿಡಿಸಿಯ ಗ್ಯಾರಿ ಹೋಮ್ಸ್ ಮತ್ತು ಸಂಗಡಿಗರು ಮೊದಲ ಅಧಿಕೃತ ಮಾನದಂಡ ಪ್ರಕಟಿಸಿದರು. ಹೊಸ ಹೆಸರು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’, ಚಿಕ್ಕದಾಗಿ ಸಿಎಫ್‌ಎಸ್. ಸುಸ್ತು ಹೊಸದಾಗಿ ಶುರುವಾಗಿರಬೇಕು, ಆರು ತಿಂಗಳು ಇರಬೇಕು, ದಿನದ ಚಟುವಟಿಕೆ ಅರ್ಧಕ್ಕಿಂತ ಕೆಳಗೆ ಇಳಿದಿರಬೇಕು, ಬೇರೆ ಕಾಯಿಲೆ ಯಾವುದೂ ಇರಬಾರದು. ಇದರ ಮೇಲೆ 11 ಲಕ್ಷಣಗಳಲ್ಲಿ 8, ಅಥವಾ 6 ಲಕ್ಷಣದ ಜೊತೆ ಡಾಕ್ಟರು ಕಂಡ 2 ಚಿಹ್ನೆ. ಸಾಲದ ಅರ್ಜಿಗೆ ದಾಖಲೆ ಕೇಳಿದ ಹಾಗಿದೆ, ಅಲ್ವಾ? ಹೆಸರಿನಲ್ಲಿ ಸುಸ್ತು ಬಂದು ಕೂತಿತು. ಅಲ್ಲಿಗೆ ಕೇಳಿದವರೆಲ್ಲ "ಸುಸ್ತು ಯಾರಿಗಿಲ್ಲ?" ಅನ್ನಲು ಸರಕಾರಿ ಪರವಾನಗಿ ಸಿಕ್ಕಂತಾಯಿತು.

1991ರಲ್ಲಿ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮಾನದಂಡ ಬಂತು. ಅದು ತೀರಾ ಸಡಿಲ. ಆರು ತಿಂಗಳ ತೀವ್ರ ಸುಸ್ತು ಮುಖ್ಯ ಲಕ್ಷಣವಾಗಿದ್ದರೆ ಸಾಕು, ಬೇರೆ ಲಕ್ಷಣ ಕಡ್ಡಾಯವಲ್ಲ. 1994ರಲ್ಲಿ ಸಿಡಿಸಿಯ ಕೀಜಿ ಫುಕುಡ ನೇತೃತ್ವದಲ್ಲಿ ಇನ್ನೊಂದು. ಆರು ತಿಂಗಳ ಸುಸ್ತಿನ ಜೊತೆ ಎಂಟರಲ್ಲಿ ನಾಲ್ಕು ಲಕ್ಷಣ: ಮರೆವು, ಗಂಟಲು ನೋವು, ಕುತ್ತಿಗೆ-ಕಂಕುಳ ಗಡ್ಡೆಗಳಲ್ಲಿ ನೋವು, ಸ್ನಾಯು ನೋವು, ಕೀಲು ನೋವು, ಹೊಸ ಬಗೆಯ ತಲೆನೋವು, ಮಲಗಿ ಎದ್ದರೂ ಹೋಗದ ಆಯಾಸ, ಮತ್ತು ಕೊನೆಯದಾಗಿ ಶ್ರಮಪಟ್ಟ ಮೇಲೆ 24 ಗಂಟೆಗೂ ಮೀರಿ ಉಳಿಯುವ ಕುಸಿತ. ಗಮನಿಸಿ, ರಾಮ್ಸೆ ಮುಖ್ಯ ಅಂದದ್ದು ಇಲ್ಲಿ ಎಂಟರಲ್ಲಿ ಒಂದು. ಅದು ಇಲ್ಲದೆಯೂ ಪಾಸಾಗಬಹುದು. ಮುಂದೆ ಎಷ್ಟೋ ವರ್ಷ ಜಗತ್ತಿನ ಸಂಶೋಧನೆಯೆಲ್ಲ ಹೆಚ್ಚಾಗಿ ಈ ಪಟ್ಟಿಯ ಮೇಲೇ ನಡೆಯಿತು.

ಇಲ್ಲಿ ನಮ್ಮ ಬ್ಯಾಂಕಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. 1985ರಲ್ಲಿ ರಿಸರ್ವ್ ಬ್ಯಾಂಕು ಸಾಲಗಳಿಗೆ ‘ಹೆಲ್ತ್ ಕೋಡ್’ ಪದ್ಧತಿ ತಂದಿತ್ತು. ಹೆಸರು ನೋಡಿ, ಸಾಲದ ಆರೋಗ್ಯಕ್ಕೆ ಎಂಟು ಕೋಡು! ಆಮೇಲೆ ನರಸಿಂಹಂ ಸಮಿತಿಯ ವರದಿ ಬಂದು ಎನ್‌ಪಿಎ ನಿಯಮ ಜಾರಿಯಾಯಿತು. 1993ರ ಮಾರ್ಚಿನಲ್ಲಿ ನಾಲ್ಕು ತ್ರೈಮಾಸಿಕ ಬಾಕಿ ಉಳಿದರೆ ಕೆಟ್ಟ ಸಾಲ, 1994ರಲ್ಲಿ ಮೂರು, 1995ರಲ್ಲಿ ಎರಡು. 2004ರ ಮಾರ್ಚಿನಿಂದ 90 ದಿನ. ಆ ಮಾರ್ಚಿನಲ್ಲಿ ನಾವು ರಾತ್ರಿ ಹನ್ನೊಂದರ ತನಕ ಕೂತು ಪಟ್ಟಿ ಮಾಡಿದ್ದೇವೆ. ಸಾಲಗಾರ ಅದೇ, ಅಂಗಡಿ ಅದೇ, ಬಾಕಿ ಅದೇ. ಹಿಂದಿನ ವರ್ಷ ಒಳ್ಳೆಯವನು, ಈ ವರ್ಷ ಕೆಟ್ಟವನು. ಬದಲಾದದ್ದು ಅಳತೆಗೋಲು ಮಾತ್ರ.

ಕಾಯಿಲೆಯ ಲೆಕ್ಕದಲ್ಲೂ ಹಾಗೇ ಆಯಿತು. ಸಿಡಿಸಿಯವರು ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ ಸಮೀಕ್ಷೆ ಮಾಡಿ 2003ರಲ್ಲಿ ಕೊಟ್ಟ ಅಂಕಿ ಒಂದು ಲಕ್ಷಕ್ಕೆ 235 ಜನ. 2005ರಲ್ಲಿ ಪ್ರಶ್ನಾವಳಿ ಆಧರಿಸಿದ ಹೊಸ ಅಳತೆ ತಂದು, ಜಾರ್ಜಿಯಾ ರಾಜ್ಯದಲ್ಲಿ ಎಣಿಸಿ 2007ರಲ್ಲಿ ಹೇಳಿದ್ದು ಶೇಕಡಾ 2.54. ಹತ್ತು ಪಟ್ಟಿಗೂ ಹೆಚ್ಚು! ಷಿಕಾಗೋದ ಲಿಯೊನಾರ್ಡ್ ಜೇಸನ್ ಎಂಬ ಪ್ರಾಧ್ಯಾಪಕರು ಇದನ್ನು ಆಡಿಟ್ ಮಾಡಿದರು ಅನ್ನಬಹುದು. ಖಿನ್ನತೆಯ ರೋಗಿಗಳನ್ನು ಈ ಹೊಸ ಅಳತೆಯಲ್ಲಿ ಇಟ್ಟು ನೋಡಿದರೆ ಅವರಲ್ಲಿ ಶೇಕಡಾ 38 ಜನ ತಪ್ಪಾಗಿ ಸಿಎಫ್‌ಎಸ್ ಅಂತ ಬರುತ್ತಿದ್ದರು. ಅಷ್ಟರೊಳಗೆ, 2003ರಲ್ಲೇ, ಕೆನಡಾದಲ್ಲಿ ಸೇರಿದ ತಜ್ಞರ ತಂಡ ಶ್ರಮದ ನಂತರದ ಕುಸಿತ ಇರಲೇಬೇಕು ಅನ್ನುವ ಬಿಗಿ ಮಾನದಂಡ ಕೊಟ್ಟಿತ್ತು. ಒಂದೇ ಕಾಯಿಲೆಗೆ ಎರಡು ತಕ್ಕಡಿ, ಎರಡು ತೂಕ.

* * *

"ಇದೆಲ್ಲ ಬಿಳಿಯರ ಕಾಯಿಲೆ, ನಮಗೇನು?" ಅನ್ನಬಹುದು ನೀವು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಹತ್ತಿರವೇ ಈ ಪ್ರಶ್ನೆ ಕೇಳಿದವರಿದ್ದಾರೆ.

ಊರಿಗೆ ಹೋಗುವಾಗ ಕೊಂಕಣ ರೈಲು ಗೋವಾ ದಾಟುತ್ತದಲ್ಲ, ಅಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ತಂಡ 18ರಿಂದ 50 ವಯಸ್ಸಿನ ಹೆಂಗಸರ ಸಮೀಕ್ಷೆ ಮಾಡಿತು. 3000 ಜನರನ್ನು ಆರಿಸಿ, 2494 ಜನ ಭಾಗವಹಿಸಿದರು. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೂ ಮೀರಿ ಸುಸ್ತು ಅನುಭವಿಸುತ್ತಿದ್ದವರು ಶೇಕಡಾ 12.1. ನಮ್ಮಲ್ಲಿ ಹೆಂಗಸರ ಸುಸ್ತು ಅಂದರೆ ಡಾಕ್ಟರು ಮೊದಲು ಬರೆಯುವುದು ಕಬ್ಬಿಣದ ಮಾತ್ರೆ. ಆದರೆ ಹಿಮೋಗ್ಲೋಬಿನ್ ಅಳೆದು ನೋಡಿದರೆ ಅದಕ್ಕೂ ಈ ಸುಸ್ತಿಗೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಬಡತನದ ಜೊತೆ, ಮನೆಯೊಳಗಿನ ಕಷ್ಟದ ಜೊತೆ, ಮನಸ್ಸಿನ ನೋವಿನ ಜೊತೆ. ಇವರೆಲ್ಲರಿಗೂ ಎಂಇ ಇತ್ತು ಅಂತಲ್ಲ. ಅವರು ಅಳೆದದ್ದು ದೀರ್ಘಕಾಲದ ಸುಸ್ತನ್ನು, ಸಿಎಫ್‌ಎಸ್ಸನ್ನಲ್ಲ. ಆದರೆ ಸುಸ್ತಿಗೆ ಎಷ್ಟು ಬೇರುಗಳಿವೆ, ಅದರಲ್ಲಿ ಒಂದನ್ನು ಬೇರ್ಪಡಿಸಿ ಗುರುತಿಸುವುದು ಎಷ್ಟು ಕಷ್ಟ ಅನ್ನುವುದು ಇದರಿಂದ ತಿಳಿಯುತ್ತದೆ.

ಪುಣೆಯಲ್ಲಿ ಡಾ. ವಾಸುದೇವ ಪರಳೀಕರ್, ಡಾ. ಮೋಹನ್ ಆಗಾಶೆ, ಡಾ. ಮಿಚೆಲ್ ವೈಸ್ ಮೊದಲಾದವರು 352 ರೋಗಿಗಳ ಅಧ್ಯಯನ ಮಾಡಿದರು. ಆಗಾಶೆ ಅಂದರೆ ‘ಘಾಶೀರಾಮ್ ಕೋತ್ವಾಲ್’ ನಾಟಕದ ನಾನಾ ಫಡ್ನವೀಸ್, ಅವರೇ. ಮೂಲತಃ ಮನೋವೈದ್ಯರು. ಒಂದೇ ಆಸ್ಪತ್ರೆಯ ಮನೋರೋಗ, ಜನರಲ್ ಮೆಡಿಸಿನ್, ಚರ್ಮರೋಗ, ಆಯುರ್ವೇದ ಹೀಗೆ ನಾಲ್ಕು ಓಪಿಡಿಗಳಿಗೆ ನಿಶ್ಶಕ್ತಿ ಅಂತ ಬಂದವರನ್ನು ಕೂರಿಸಿ, ಅವರ ಮಾತಿನಲ್ಲೇ ಅವರ ಕಷ್ಟ ಏನು ಅಂತ ಕೇಳಿದರು. ನಾಲ್ಕು ಬಾಗಿಲು ಯಾಕೆ ಅಂತ ಯೋಚಿಸಿ. ಅದೇ ನಿಶ್ಶಕ್ತಿಯ ರೋಗಿ ಯಾವ ಬಾಗಿಲು ತಟ್ಟುತ್ತಾನೋ ಅದರ ಮೇಲೆ ಅವನ ಕಾಯಿಲೆಯ ಹೆಸರು! ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೇ ಪಟ್ಟಿಯಲ್ಲೂ ಹಾಗೇ ಇತ್ತು. ಸೋಂಕಿನ ನಂತರದ ಸುಸ್ತು, ಎಂಇ ಎಲ್ಲ ನರರೋಗದ ಲೆಡ್ಜರಿನಲ್ಲಿ ಜಿ93.3. ಹಳೇ ನ್ಯೂರಸ್ತೇನಿಯಾ ಮನೋರೋಗದ ಲೆಡ್ಜರಿನಲ್ಲಿ ಎಫ್48.0. ಹನ್ನೊಂದನೇ ಪಟ್ಟಿ 2022ರಲ್ಲಿ ಜಾರಿಗೆ ಬಂದಾಗ ನ್ಯೂರಸ್ತೇನಿಯಾದ ಖಾತೆ ಮುಚ್ಚಿತು.

ಬೆಂಗಳೂರಿನದೂ ಒಂದು ಅಧ್ಯಯನ ಇದೆ. 1996ರಲ್ಲಿ ಡಾ. ಆರ್. ರಘುರಾಮ್, ಡಾ. ವೈಸ್ ಮತ್ತು ಸಂಗಡಿಗರು 80 ಮನೋರೋಗಿಗಳನ್ನು ಮಾತಾಡಿಸಿ ಬರೆದದ್ದು. ಬೇಸರ, ದುಃಖ ಅಂತ ಹೇಳಿಕೊಳ್ಳುವವರಿಗೆ ನಾಚಿಕೆ-ಕಳಂಕದ ಭಯ ಹೆಚ್ಚು. ಮೈಕೈ ನೋವು, ನಿಶ್ಶಕ್ತಿ ಅಂತ ಹೇಳಿಕೊಳ್ಳುವವರಿಗೆ ಕಡಿಮೆ. ಮೈಗೆ ಬಂದದ್ದು ಎಲ್ಲರಿಗೂ ಬರುತ್ತದೆ, ಮನಸ್ಸಿಗೆ ಬಂದದ್ದು ಮಗಳ ಮದುವೆಗೆ ಅಡ್ಡ ಬರುತ್ತದೆ. ನಮ್ಮ ಮನೆಗಳಲ್ಲಿ ನೋಡಿದ್ದೇ ತಾನೇ? ಇದು ಗೊತ್ತಿರುವ ಡಾಕ್ಟರು, ಯಾರಾದರೂ ಸುಸ್ತು ಅಂದರೆ ಒಳಗೆ ಖಿನ್ನತೆ ಇರಬಹುದು ಅಂತ ಹುಡುಕುತ್ತಾರೆ. ಎಷ್ಟೋ ಸಲ ಅದು ಸರಿಯೇ. ಆದರೆ ಆ ದಾರಿಯಲ್ಲೇ ನಮ್ಮ ಧಾರವಾಡದ ಮೇಡಂನಂಥವರು ತಪ್ಪಿಹೋಗುತ್ತಾರೆ. ಖಿನ್ನತೆಯವರಿಗೆ ಏನೂ ಬೇಡ ಅನ್ನಿಸುತ್ತದೆ ಅನ್ನುತ್ತಾರೆ. ಇವರಿಗೆ ಎಲ್ಲವೂ ಬೇಕು, ಮಾಡಿದರೆ ಮರುದಿನ ದಂಡ ತೆರಬೇಕು.

* * *

ಕೊನೆಗೂ ದೊಡ್ಡ ತಿರುವು ಬಂದದ್ದು 2015ರ ಫೆಬ್ರವರಿಯಲ್ಲಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನೇಮಿಸಿದ ಸಮಿತಿ 9000ಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡಿ, ಇದು ನಿಜವಾದ, ಗಂಭೀರವಾದ, ಇಡೀ ದೇಹದ ಕಾಯಿಲೆ ಅಂತ ವರದಿ ಕೊಟ್ಟಿತು. ಹೊಸ ನಿಯಮ ಚಿಕ್ಕದು. ಮೊದಲು ಮಾಡುತ್ತಿದ್ದ ಕೆಲಸ ಮಾಡಲಾಗದಷ್ಟು ಸುಸ್ತು ಆರು ತಿಂಗಳಿಗೂ ಮೀರಿ. ಶ್ರಮದ ನಂತರದ ಕುಸಿತ. ನಿದ್ರೆಯಿಂದ ಹೋಗದ ಆಯಾಸ. ಈ ಮೂರೂ ಬೇಕು. ಜೊತೆಗೆ ಎರಡರಲ್ಲಿ ಒಂದು: ತಲೆ ಮಂಕಾಗಿ ಯೋಚನೆ ಓಡದಿರುವುದು, ಅಥವಾ ನಿಂತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ತೊಂದರೆ. ಕುಸಿತ ಈಗ ಎಂಟರಲ್ಲಿ ಒಂದಲ್ಲ, ಕಡ್ಡಾಯ. ಅದೇ ವರದಿಯ ಪ್ರಕಾರ ಅಮೆರಿಕದಲ್ಲಿ ಈ ಕಾಯಿಲೆಯವರು 8.36 ಲಕ್ಷದಿಂದ 25 ಲಕ್ಷ. ಅವರಲ್ಲಿ ಶೇಕಡಾ 84ರಿಂದ 91 ಜನಕ್ಕೆ ಕಾಯಿಲೆಯ ಹೆಸರೇ ಗೊತ್ತಿಲ್ಲ.

ಮಾನದಂಡ ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ‘ಪೇಸ್’ ಪ್ರಯೋಗ ಒಂದು ಪಾಠ. 641 ರೋಗಿಗಳು, 1991ರ ಸಡಿಲ ಆಕ್ಸ್‌ಫರ್ಡ್ ಮಾನದಂಡ. ಸ್ವಲ್ಪ ಸ್ವಲ್ಪವೇ ವ್ಯಾಯಾಮ ಹೆಚ್ಚಿಸುತ್ತಾ ಹೋದರೆ, ಮತ್ತು ಮಾತಿನ ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತದೆ ಅಂತ 2011ರಲ್ಲಿ ಲಾನ್ಸೆಟ್ಟಿನಲ್ಲಿ ಬಂತು. ರೋಗಿಗಳು ಒಪ್ಪಲಿಲ್ಲ, ಲೆಕ್ಕದ ಪುಸ್ತಕ ತೋರಿಸಿ ಅಂತ ಕೇಳಿದರು. 2016ರಲ್ಲಿ ಅಲ್ಲಿನ ಮಾಹಿತಿ ಹಕ್ಕಿನ ನ್ಯಾಯಮಂಡಳಿ ಕೊಡಲೇಬೇಕು ಅಂತ ಹೇಳಿತು. ಪ್ರಯೋಗದ ನಡುವೆ ಅಳತೆ ಬದಲಾಗಿತ್ತು. ಮೊದಲು ಬರೆದಿಟ್ಟ ಅಳತೆಯಿಂದಲೇ ಲೆಕ್ಕ ಹಾಕಿದರೆ ಗುಣವಾದವರ ಪ್ರಮಾಣ ತೀರಾ ಇಳಿಯುತ್ತದೆ ಅಂತ ಮರುಲೆಕ್ಕ ಹಾಕಿದವರು ತೋರಿಸಿದರು. ಮೂಲ ಸಂಶೋಧಕರು ಅದನ್ನು ಒಪ್ಪಲಿಲ್ಲ. ಆದರೆ 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ‘ನೈಸ್’ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿ, ಹೀಗೆ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆ ಕೊಡಬೇಡಿ ಅಂದಿತು. ಆರು ತಿಂಗಳು ಕಾಯುವುದೂ ಬೇಡ, ದೊಡ್ಡವರಲ್ಲಿ ಆರು ವಾರಕ್ಕೇ ಅನುಮಾನಿಸಿ, ಮೂರು ತಿಂಗಳಿಗೆ ಖಚಿತಪಡಿಸಿ ಅಂದಿತು.

"ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿ." ಈ ಸಾಲುಗಳನ್ನು ಓದುವಾಗ ನನ್ನ ದನಿ ನನಗೇ ಕೇಳಿಸಿತು.

ಕೋವಿಡ್ ಬಂದ ಮೇಲೆ ಜಗತ್ತಿಗೇ ಈ ವಿಷಯ ಹೊಸದಾಗಿ ತಿಳಿಯಿತು. 2021ರ ಅಕ್ಟೋಬರಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ಥಿತಿಗೂ ಒಂದು ವ್ಯಾಖ್ಯೆ ಬರೆಯಿತು. ಅಲ್ಲೂ ಸುಸ್ತು ಇದೆ, ತಲೆ ಮಂಕಾಗುವುದು ಇದೆ. ಆದರೆ ಎಂಇ ಹೌದೋ ಅಲ್ಲವೋ ಅಂತ ಖಡಾಖಂಡಿತವಾಗಿ ಹೇಳುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಮಷೀನು ಹೇಳದಿದ್ದಾಗ ಉಳಿಯುವುದು ರೋಗಿಯ ಮಾತು ಒಂದೇ. ನೂರೈವತ್ತು ವರ್ಷ ಮಾನದಂಡಗಳು ಅತ್ತಿತ್ತ ಹೊಯ್ದಾಡಿದ್ದು ಆ ಮಾತನ್ನು ಎಷ್ಟು ನಂಬಬೇಕು ಅನ್ನುವುದರ ಮೇಲೇ ಅಂತ ನನಗನ್ನಿಸುತ್ತದೆ. ಸುಸ್ತು ಎಷ್ಟಿದೆ ಅಂತ ಕೇಳಿದಷ್ಟು ಕಾಲ ಉತ್ತರ ಸಿಗಲಿಲ್ಲ. ಕೆಲಸ ಮಾಡಿದ ಮರುದಿನ ಏನಾಗುತ್ತದೆ ಅಂತ ಕೇಳಿದ ಮೇಲೆ ದಾರಿ ಕಂಡಿತು.

* * *

ಕಳೆದ ನವೆಂಬರಿನಲ್ಲಿ ನಮ್ಮ ಬ್ರಾಂಚಿನಲ್ಲಿ ಜೀವಂತ ಪ್ರಮಾಣಪತ್ರ ಕೊಡುವ ಪೆನ್ಷನರುಗಳ ಸಾಲು. ಅದರಲ್ಲಿ ಅವರೂ ಇದ್ದರು, ಮಗಳ ಜೊತೆ. ಮಗಳ ಕೈಯಲ್ಲಿ ಮಡಿಸುವ ಸ್ಟೂಲು. ಸಾಲು ಎರಡು ಹೆಜ್ಜೆ ಮುಂದೆ ಹೋದರೆ ಸ್ಟೂಲೂ ಎರಡು ಹೆಜ್ಜೆ. ಒಳಗೆ ಕರೆದು ಕೂರಿಸಿದೆ. 2022ರಲ್ಲಿ ಮುಂಬಯಿಯ ಒಬ್ಬ ಡಾಕ್ಟರು ಕಾಯಿಲೆಯ ಹೆಸರು ಹೇಳಿದರಂತೆ. "ಔಷಧ ಏನಿಲ್ರೀ ಸರ್. ಎಷ್ಟು ಜಮಾ ಅದನೋ ಅಷ್ಟೇ ಖರ್ಚು ಮಾಡ್ರಿ ಅಂದ್ರು" ಅಂದರು.

ನಾನು ಓದಿದ್ದನ್ನೆಲ್ಲ ಹೇಳಿದೆ. ಆ ಪತ್ರದ ಬಗ್ಗೆಯೂ ಹೇಳಿದೆ, ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಹಾಜರಿ ರಿಜಿಸ್ಟರ್ ಇನ್ನೂ ಅದ ಏನ್ರಿ ಸರ್? ಎಂದ ಬಂದಿದ್ದೆ, ಎಂದ ಬಂದಿಲ್ಲ, ಎಲ್ಲಾ ಅದರಾಗ ಇತ್ತಲ್ಲ. ಡಾಕ್ಟರು ಅದನ್ನ ಕೇಳ್ತಿದ್ರು, ಎಂದ ಏನು ಮಾಡಿದ್ರಿ, ಮರುದಿನ ಹೆಂಗಿದ್ರಿ ಅಂತ. ನನಗ ನೆನಪೇ ಇರ್ಲಿಲ್ಲ."

ಇರಲಿಲ್ಲ. ಇಂತಿಷ್ಟು ವರ್ಷ ಆದ ಮೇಲೆ ಹಳೇ ರಿಜಿಸ್ಟರುಗಳು ರದ್ದಿಗೆ ಹೋಗುತ್ತವೆ. ಒಂದು ದಿನ ಸಹಿ, ಮೂರು ದಿನ ಕೆಂಪು ಶಾಯಿ, ಮತ್ತೆ ಒಂದು ದಿನ ಸಹಿ. 2015ರ ಸಮಿತಿ ಕಡ್ಡಾಯ ಮಾಡಿದ ಲಕ್ಷಣ 2012ರಲ್ಲೇ ನನ್ನ ಟೇಬಲ್ಲಿನ ಮೇಲೆ ಇತ್ತು. ಅದನ್ನು ಬರೆದವನು ನಾನೇ, ಓದಲು ಬಾರದವನೂ ನಾನೇ.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಯಾರಾದರೂ ‘ಇದು ಸುಸ್ತಲ್ಲ, ಬೇರೆಯೇ’ ಅಂದರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಥೈರಾಯ್ಡು, ಸಕ್ಕರೆ, ರಕ್ತ, ಖಿನ್ನತೆ ಎಲ್ಲ ನೋಡಿಸಿ. ಇವು ಯಾವುದೂ ಅಲ್ಲ ಅಂತ ತಿಳಿಯುವುದೂ ಆ ನಿಯಮಗಳಲ್ಲೇ ಇದೆ. ಎಲ್ಲಾ ನಾರ್ಮಲ್ ಬಂದ ಮೇಲೂ ಅವರು ಏಳದಿದ್ದರೆ, ದಯವಿಟ್ಟು "ಸುಸ್ತು ಯಾರಿಗಿಲ್ಲ?" ಅನ್ನಬೇಡಿ. ನಿನ್ನೆ ಏನು ಕೆಲಸ ಮಾಡಿದ್ದಿರಿ ಅಂತ ಕೇಳಿ. ಮತ್ತೆ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.